ಎದುರು ಕೋಣೆಯ ಹನ್ನೆರಡು ಮಂದಿ

ಆಮ್‌ಸ್ಟರ್‌ಡಾಮ್
೪ ಅಕ್ಟೋಬರ್ ೧೯೯೩

ನೀಲ್ಚೆ ದೊಡ್ಡಮ್ಮನಿಗೆ,

ಆರು ವರ್ಷದಿಂದ ಡಿಸೆಂಬರಿಗೊಂದು ಕಾರ್ಡು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಕಾಗದ ಓಡಾಡಿಲ್ಲ. ಕವರಿನ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಇದನ್ನು ಮೇಜಿನ ಮೇಲೆ ಬಿಸಾಕಿ ಕೋಳಿಗೆ ಕಾಳು ಹಾಕೋಕೆ ಹೋಗಿರ್ತೀಯ. ಹಾಕಿ ಬಾ, ಕಾಯ್ತೀನಿ.

ಮೊನ್ನೆ ಶುಕ್ರವಾರ ನಾನೊಂದು ಕಂಡೆ. ಅದನ್ನು ಹೇಳಿಕೊಳ್ಳೋಕೆ ನಿನ್ನ ಬಿಟ್ಟು ಬೇರೆ ಯಾರೂ ನೆನಪಾಗಲಿಲ್ಲ, ಅದಕ್ಕೆ ಬರೀತಿದ್ದೀನಿ.

ನನ್ನ ಕೆಲಸ ಏನು ಅಂತ ನೀನು ಯಾವತ್ತೂ ಕೇಳಲಿಲ್ಲ. ಅರ್ಥಶಾಸ್ತ್ರ ಅಂದರೆ ಬ್ಯಾಂಕು, ಬಡ್ಡಿ ಅಂದುಕೊಂಡಿರ್ತೀಯ. ನಮ್ಮದು ಹಾಗಲ್ಲ. ಜನರನ್ನು ಕರೆದು ಕೂರಿಸಿ, ಕೈಗೆ ನಿಜವಾದ ದುಡ್ಡು ಕೊಟ್ಟು, ಏನು ಮಾಡ್ತಾರೆ ನೋಡೋದು. ಈ ಕೋಣೆಯಲ್ಲಿ ಹನ್ನೆರಡು ಮಂದಿ, ಎದುರು ಕೋಣೆಯಲ್ಲಿ ಹನ್ನೆರಡು. ಯಾರಿಗೆ ಯಾರು ಜೋಡಿ ಅಂತ ಯಾರಿಗೂ ಗೊತ್ತಿಲ್ಲ. ಈ ಕೋಣೆಯವರಿಗೆ ತಲಾ ಹತ್ತು ಅಚ್ಚಾದ ಚೀಟಿ ಕೊಡ್ತೀವಿ, ಚೀಟಿಗೊಂದು ಗಿಲ್ಡರ್. ಎಲ್ಲ ತಾವೇ ಇಟ್ಟುಕೊಂಡು ಮನೆಗೆ ಹೋಗಬಹುದು. ಇಲ್ಲವೇ ಮನಸ್ಸಿಗೆ ಬಂದಷ್ಟು ಲಕೋಟೆಗೆ ಹಾಕಿ ಎದುರು ಕೋಣೆಗೆ ಕಳಿಸಬಹುದು. ಕಳಿಸಿದ್ದನ್ನು ದಾರಿಯಲ್ಲಿ ನಾವು ಮೂರು ಪಟ್ಟು ಮಾಡ್ತೀವಿ. ಎದುರಿನವನು ಅದರಲ್ಲಿ ಸ್ವಲ್ಪ ವಾಪಸ್ ಕಳಿಸಿದರೆ ಕಳಿಸಿದ, ಇಲ್ಲದಿದ್ದರೆ ಪೂರ್ತಿ ನುಂಗಿ ನೀರು ಕುಡೀತಾನೆ. ಕೇಳೋರಿಲ್ಲ.

ದಪ್ಪ ನೋಡಿ ಯಾರೂ ಊಹಿಸಬಾರದು ಅಂತ, ಎಷ್ಟು ಕಡಿಮೆ ಕಳಿಸಿದರೋ ಅಷ್ಟು ಖಾಲಿ ಬಿಳಿ ಚೀಟಿ ಲಕೋಟೆಗೆ ಸೇರಿಸಬೇಕು. ಆ ಬಿಳಿ ಚೀಟಿ ಕತ್ತರಿಸೋಳು ನಾನೇ. ಬೆರಳಲ್ಲಿ ಗುಳ್ಳೆ ಬಂದಿದೆ.

ಪುಸ್ತಕದ ಲೆಕ್ಕದಲ್ಲಿ ಬುದ್ಧಿ ಇರೋರು ಒಂದು ಚೀಟಿಯನ್ನೂ ಕಳಿಸಬಾರದು. ಶುಕ್ರವಾರ ಲಕೋಟೆಗಳ ಪೆಟ್ಟಿಗೆ ತೆರೆದೆ. ಮೊದಲನೆಯದರಲ್ಲಿ ಐದು. ಎರಡನೆಯದರಲ್ಲಿ ಆರು. ಮೂರನೆಯದರಲ್ಲಿ ಹತ್ತಕ್ಕೆ ಹತ್ತು, ಒಂದೂ ಬಿಳಿ ಇಲ್ಲ. ಹೆಸರಿಲ್ಲ, ಮುಖವಿಲ್ಲ, ಯಾರೋ ಒಬ್ಬರು ಗೋಡೆಯಾಚೆಯ ಇನ್ಯಾರಿಗೋ ಕೈಲಿದ್ದದ್ದೆಲ್ಲ ಕೊಟ್ಟು ಸುಮ್ಮನೆ ಕೂತಿದ್ದಾರೆ. ಮೈ ಜುಮ್ಮೆಂದಿತು ದೊಡ್ಡಮ್ಮ. ಚರ್ಚಿನಲ್ಲೂ ನನಗೆ ಹಾಗಾಗಿರಲಿಲ್ಲ.

ನಮ್ಮ ಪ್ರೊಫೆಸರ್ ಬೌಕೆಮಾ ಅವರದು ಒಂದೇ ನಿಯಮ. ಲ್ಯಾಬಿನೊಳಗೆ ನಾವು ಆಡಿದ ಪ್ರತಿ ಮಾತೂ ನಿಜ ಇರಬೇಕು. "ಪಕ್ಕದ ಕಟ್ಟಡದ ಮನಶ್ಶಾಸ್ತ್ರದವರು ಬೆಳಗಿನ ಕಾಫಿಗೆ ಮುಂಚೆ ಮೂರು ಸುಳ್ಳು ಹೇಳ್ತಾರೆ, ಅದು ಅವರ ಪದ್ಧತಿ. ಇಲ್ಲಿ ಒಂದು ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಬಂದವರು ಎದುರು ಕೋಣೇಲಿ ಯಾರೂ ಇಲ್ಲ ಅಂದುಕೊಂಡೇ ಕೂರ್ತಾರೆ. ಅಲ್ಲಿಗೆ ನಮ್ಮ ಕೆಲಸ ಮುಗೀತು" ಅಂತಾರೆ. ಇಂಥ ಆಟ ಒಂಬತ್ತು ನಡೆಸಿ, ಮೇ ತಿಂಗಳಿಗೆ ಪ್ರಬಂಧ ಮುಗಿಸಿದರೆ ಇಲ್ಲೇ ಕಾಯಂ ಕೆಲಸ ಅಂತ ಮಾತಾಗಿದೆ.

ಆಫ್ಕೆ


ಒಡ್ಡಿನ ಮನೆ
೧೯ ಅಕ್ಟೋಬರ್ ೧೯೯೩

ಆಫ್ಕೆ,

ಕೋಳಿಗೆ ಕಾಳು ಹಾಕಿ, ಗೂಡು ಗುಡಿಸಿ, ಎರಡು ವಾರ ಬಿಟ್ಟು ಕಾಗದ ಒಡೆದೆ. ಕಾಯ್ತೀನಿ ಅಂತ ನೀನೇ ಬರೆದಿದ್ದೆಯಲ್ಲ.

ನನ್ನ ಡಬ್ಬಿ ಎಣಿಸಿದವಳು ಈಗ ಊರವರ ಲಕೋಟೆ ಎಣಿಸ್ತಿದ್ದಾಳೆ. ಹುಟ್ಟುಗುಣ. ಅದಕ್ಕೂ ಸಂಬಳ ಕೊಡ್ತಾರೆ ಅಂತ ಗೊತ್ತಿದ್ದರೆ ನಿನ್ನನ್ನು ಅವತ್ತು ಅಷ್ಟು ಬೈತಿರಲಿಲ್ಲ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ಒಡ್ಡಿನ ರಸ್ತೆ ಪಕ್ಕ ನಾಲ್ಕು ಹಲಗೆ, ಅದರ ಮೇಲೆ ಮೊಟ್ಟೆ, ಪಕ್ಕದಲ್ಲೊಂದು ಕೋಕೋ ಡಬ್ಬಿ. ಬಂದವರು ಮೊಟ್ಟೆ ತಗೊಂಡು ಡಬ್ಬಿಗೆ ದುಡ್ಡು ಹಾಕಿ ಹೋಗ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೇ ನಡೀತು. ಡಬ್ಬಿ ತುಂಬಿದಾಗ ಸುರಿದುಕೊಳ್ತಿದ್ದೆ, ಅಷ್ಟೆ. ಹತ್ತೊಂಬತ್ತರ ನೀನು ಒಂದು ಬೇಸಿಗೆ ಪೂರ್ತಿ ಗೂಡಿನ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಆಮೇಲೆ ಒಂದು ಭಾನುವಾರ, ಊಟದ ಮೇಜಿನಲ್ಲಿ, ಪಾದ್ರಿ ಹೆಂಡತಿ ಎದುರಿಗೇ, "ಮಾರ್ತ್ಯೆ ಹನ್ನೊಂದು ಸಲ ದುಡ್ಡು ಹಾಕಿಲ್ಲ" ಅಂದೆ.

ಮಾರ್ತ್ಯೆ ನಮ್ಮ ಮೂರನೇ ಮನೆ. ಗಂಡ ಇಲ್ಲ, ಮೂರು ಮಕ್ಕಳು, ಹೂವಿನ ಗೆಡ್ಡೆ ಸುಲಿಯೋ ಕೊಟ್ಟಿಗೆಯಲ್ಲಿ ಕೂಲಿ. ಅವತ್ತಿನಿಂದ ಅವಳು ನನ್ನ ಅಂಗಡಿ ಕಡೆ ತಲೆ ಹಾಕಿಲ್ಲ.

ನನಗೆ ಮೊದಲೇ ಗೊತ್ತಿತ್ತು, ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ ಅಂತ ನೀನು ತಿಳಿದಿದ್ದರೆ ಅದು ತಪ್ಪು. ಗೊತ್ತಿರಲಿಲ್ಲ. ಗೊತ್ತಾಗದೇ ಇರಲಿ ಅಂತಲೇ ಎಣಿಸ್ತಿರಲಿಲ್ಲ.

ಹತ್ತಕ್ಕೆ ಹತ್ತು ಕಳಿಸಿದವರು ಯಾರು ಅಂತ ಪತ್ತೆ ಮಾಡೋಕೆ ಹೋಗಬೇಡ.

ನೀಲ್ಚೆ


ಆಮ್‌ಸ್ಟರ್‌ಡಾಮ್
೧೨ ಡಿಸೆಂಬರ್ ೧೯೯೩

ದೊಡ್ಡಮ್ಮ,

ಸಿಂಟರ್‌ಕ್ಲಾಸ್ ಹಬ್ಬಕ್ಕೆ ನೀನು ಕಳಿಸಿದ, ನನ್ನ ಹೆಸರಿನ ಮೊದಲ ಅಕ್ಷರದ ಚಾಕೊಲೇಟ್ ಬಂತು, ಮುರಿದಿಲ್ಲ. ಇನ್ನೂ ತಿಂದಿಲ್ಲ.

ಗುರುವಾರದ ಬಿರುಗಾಳಿಗೆ ಇಲ್ಲಿ ರೈಲೆಲ್ಲ ನಿಂತಿದ್ದವು. ನಿನ್ನ ಹಲಗೆಗಳು ಹಾರಿಹೋಗಿಲ್ಲ ತಾನೆ? ಒಂಬತ್ತನೆಯ ಆಟ ಮುಗೀತು. ಅಂಕಿಅಂಶ ಇಷ್ಟು ಅಚ್ಚುಕಟ್ಟಾಗಿ ಯಾವ ಸಲವೂ ಬಂದಿರಲಿಲ್ಲ ಅಂತ ಬೌಕೆಮಾ ಹೊಗಳಿದರು.

ನಾನು ಚೆನ್ನಾಗಿದ್ದೀನಿ.

ಆಫ್ಕೆ


ಒಡ್ಡಿನ ಮನೆ
೧೦ ಜನವರಿ ೧೯೯೪

ಆಫ್ಕೆ,

ಒಂದು ಹಲಗೆ ಹೋಯಿತು. ಕೋಳಿಗಳು ಕ್ಷೇಮ.

ಏಳನೇ ವಯಸ್ಸಿಗೆ ನನ್ನ ಮನೆಗೆ ಬಂದೆ, ಅವತ್ತಿಂದ ಉಸಿರು ಬಿಡದೆ ಮಾತಾಡಿದೋಳು ನೀನು. ಅಂಥವಳು ಅರ್ಧ ಪುಟ ಬರೆದು "ಚೆನ್ನಾಗಿದ್ದೀನಿ" ಅಂದರೆ ನಂಬೋಕೆ ನನಗೇನು ಕಿವಿಗೆ ಹೂವು ಇಟ್ಟಿದ್ದೀಯಾ? ಹೊಗಳಿದರು ಅಂತ ಬರೆದಿದ್ದೀಯ, ಖುಷಿಯಾಯಿತು ಅಂತ ಬರೆದಿಲ್ಲ. ಚಾಕೊಲೇಟ್ ಸಿಕ್ಕಿದ ದಿನವೇ ತಿಂದು ಮುಗಿಸೋ ಹುಡುಗಿ ಒಂದು ವಾರ ಇಟ್ಟುಕೊಂಡು ಕೂತಿದ್ದೀಯ.

ಏನಾಯ್ತು ಬರಿ.

ನೀಲ್ಚೆ


ಆಮ್‌ಸ್ಟರ್‌ಡಾಮ್
೨೧ ಫೆಬ್ರವರಿ ೧೯೯೪

ದೊಡ್ಡಮ್ಮ,

ಆರು ಸಲ ಬರೆದು ಹರಿದೆ. ಇದು ಏಳನೆಯದು.

ಬಿರುಗಾಳಿಯ ದಿನ ಈ ಕೋಣೆಯ ಹನ್ನೆರಡು ಮಂದಿಯೂ ಬಂದರು, ಊರೊಳಗಿನವರು. ಸೈಕಲ್ ತಳ್ಳಿಕೊಂಡು, ತೊಯ್ದು ತೊಪ್ಪೆಯಾಗಿ ಬಂದರು. ಎದುರು ಕೋಣೆಯವರು ಹಾರ್ಲೆಮ್‌ನ ಶಿಕ್ಷಕರ ತರಬೇತಿ ವಿದ್ಯಾರ್ಥಿಗಳು, ರೈಲಿನಲ್ಲಿ ಬರಬೇಕಿತ್ತು. ಒಬ್ಬರೂ ಬರಲಿಲ್ಲ. ಇಂಥ ಹೊತ್ತಲ್ಲಿ ಬಂದವರಿಗೆ ದಾರಿ ಖರ್ಚು ಕೊಟ್ಟು, ತಪ್ಪಾಯಿತು ಅಂತ ಹೇಳಿ ಮನೆಗೆ ಕಳಿಸೋದು ನಿಯಮ. ಅಷ್ಟು ಕಷ್ಟಪಟ್ಟು ಬಂದವರನ್ನು ಕಳಿಸೋಕೆ ಬಾಯಿ ಬರಲಿಲ್ಲ ಅಂತ ನಿನಗೆ ಹೇಳಬಹುದು. ಅದು ಅರ್ಧ ನಿಜ. ಅವತ್ತು ಆಟ ತಪ್ಪಿದ್ದರೆ ಮೇಗೆ ಪ್ರಬಂಧ ಮುಗೀತಿರಲಿಲ್ಲ, ಕೆಲಸ ಕೈತಪ್ಪುತ್ತಿತ್ತು. ಅದು ಇನ್ನರ್ಧ.

"ಎದುರು ಕೋಣೆಯವರು ಕಾಯ್ತಿದ್ದಾರೆ, ಶುರು ಮಾಡೋಣ" ಅಂದೆ.

ಪೆಟ್ಟಿಗೆ ಎತ್ತಿಕೊಂಡು ಎದುರು ಕೋಣೆಗೆ ಹೋದೆ. ಹನ್ನೆರಡು ಖಾಲಿ ಕುರ್ಚಿ. ಲಕೋಟೆ ಒಡೆದೆ. ಹಿಂದಿನ ಎಂಟು ಆಟಗಳಲ್ಲಿ ಜನ ಎಷ್ಟೆಷ್ಟು ವಾಪಸ್ ಕೊಟ್ಟಿದ್ದರೋ ಅದೇ ಪ್ರಮಾಣದಲ್ಲಿ ಹನ್ನೆರಡು ಉತ್ತರ ಬರೆದೆ: ಐದು ಮಂದಿ ಅರ್ಧ ಕೊಡ್ತಾರೆ, ನಾಲ್ಕು ಮಂದಿ ಮೂರರಲ್ಲೊಂದು ಪಾಲು, ಮೂರು ಮಂದಿ ಏನೂ ಇಲ್ಲ. ಯಾರಿಗೆ ಯಾವುದು ಅನ್ನೋದನ್ನು ನಾನೇ ನಿರ್ಧರಿಸಿದರೆ ಪಕ್ಷಪಾತ ಆಗುತ್ತೆ ಅಂತ, ಬಟ್ಟಲಿಗೆ ಹಾಕಿ ಕಣ್ಣು ಮುಚ್ಚಿ ಲಾಟರಿ ಎತ್ತಿದೆ. ಒಂದೇ ಒಂದು ಲಕೋಟೆಯಲ್ಲಿ ಹತ್ತಕ್ಕೆ ಹತ್ತು ಇತ್ತು. ಲಾಟರಿ ಅದಕ್ಕೆ 'ಏನೂ ಇಲ್ಲ' ಅಂತ ಕೊಟ್ಟಿತು. ಬದಲಾಯಿಸಬಹುದಿತ್ತು, ಅಲ್ಲಿ ನನ್ನ ಬಿಟ್ಟು ಯಾರಿದ್ದರು? ಬದಲಾಯಿಸಿದರೆ ಶಾಸ್ತ್ರಕ್ಕೆ ಮೋಸ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ ದೊಡ್ಡಮ್ಮ. ಬಿಳಿ ಚೀಟಿ ತುಂಬಿ ಅಂಟಿಸಿದೆ.

ಬಂದವರಲ್ಲಿ ಒಬ್ಬ ಮುದುಕ. ಹೆಸರು ಹೇಳಬಾರದು, ಸೇತುವೆ ಅಜ್ಜ ಅಂತೀನಿ. ನಲವತ್ತು ವರ್ಷ ಕಾಲುವೆ ಮೇಲಿನ ಸೇತುವೆ ಎತ್ತಿ ಇಳಿಸೋ ಕೆಲಸ ಮಾಡಿದವನು. ಕೋಟು ಹಿಂಡುತ್ತಾ ನನಗೆ ಅದನ್ನೇ ಹೇಳ್ತಿದ್ದ. ಗಾಳದ ಕೋಲಿಗೆ ಮರದ ಬೂಟು ಕಟ್ಟಿ ಇಳಿಬಿಡೋನಂತೆ, ದೋಣಿಯವರು ಸುಂಕ ಅದಕ್ಕೆ ಹಾಕಿ ಹೋಗೋರಂತೆ. "ಏನ್ ಹಾಕ್ದ ಅಂತ ಬೂಟು ಮೇಲೆ ಬಂದ ಮೇಲೇ ಗೊತ್ತಾಗೋದು ಕಣಮ್ಮ. ಅಷ್ಟೊತ್ತಿಗೆ ದೋಣಿ ಹೋಗಿರೋದು" ಅಂದ.

ಉತ್ತರದ ಲಕೋಟೆ ಹಂಚಿದೆ. ಎಲ್ಲರೂ ಗೋಡೆ ಕಡೆ ತಿರುಗಿ ಗುಟ್ಟಾಗಿ ನೋಡಿಕೊಂಡರು. ಅಜ್ಜ ಮಾತ್ರ ಮೇಜಿನ ಮೇಲೆ ಸುರಿದ. ಎಲ್ಲ ಬಿಳಿ. ಒಂದೊಂದನ್ನೇ ಮಗುಚಿ ನೋಡಿದ. "ಹತ್ತೂ ಕಳಿಸಿದ್ದೆ" ಅಂತ ಪಕ್ಕದವಳಿಗೆ ಹೇಳಿ ನಕ್ಕ. ಆಮೇಲೆ ಒದ್ದೆ ಕೋಟು ತೊಟ್ಟುಕೊಂಡು ಗಾಳಿಯಲ್ಲಿ ಹೊರಟುಹೋದ.

ಆ ಒಂಬತ್ತನೇ ಆಟವನ್ನು ಸದ್ದಿಲ್ಲದೆ ಕೈಬಿಡಬಹುದು, ಯಾರಿಗೂ ಗೊತ್ತಾಗೋದಿಲ್ಲ. ಹೇಳಿದರೆ ಕೆಲಸ ಹೋಗುತ್ತೆ, ಹೋಗಲಿ. ಬೌಕೆಮಾ ಹದಿನೈದು ವರ್ಷ ಕಟ್ಟಿದ ಲ್ಯಾಬಿನ ಹೆಸರೂ ಹೋಗುತ್ತೆ. ನಿದ್ದೆ ಬರ್ತಿಲ್ಲ. ನೀನೇ ಹೇಳು.

ಆಫ್ಕೆ


ಒಡ್ಡಿನ ಮನೆ
೨ ಮಾರ್ಚ್ ೧೯೯೪

ಆಫ್ಕೆ,

ಸುಳ್ಳು ಹೇಳೋವಾಗಲೂ ಲಾಟರಿ ಎತ್ತಿದೆಯಲ್ಲೇ. ಕಳ್ಳತನಕ್ಕೆ ಹೋದವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದನಂತೆ, ಹಾಗಾಯ್ತು. ನಗೋಣ ಅಂದರೆ ನಗು ಬರಲಿಲ್ಲ.

ನನ್ನನ್ನು ಕೇಳಬೇಡ. ಯಾಕೆ ಅಂತ ಹೇಳ್ತೀನಿ. ಇದನ್ನು ನಿನಗೆ ಹೇಳೋದು ಬೇಡ ಅಂತಲೇ ಆರು ವರ್ಷ ಕಾಗದ ಬರೀಲಿಲ್ಲ.

ಎಣಿಸಿದ್ದು ನೀನು. ಮೇಜಿನಲ್ಲಿ ಆಡಿದ್ದು ನೀನು. ಆದರೆ ಮಾರನೇ ದಿನ ಹೋರ್ನ್ ಪೇಟೆಗೆ ಹೋಗಿ ಬೀಗ ತಂದು ಡಬ್ಬಿಗೆ ಹಾಕಿದ್ದು ನಾನು. ಮುಚ್ಚಳಕ್ಕೆ ಸೀಳು ಕೊಯ್ಯಿಸಿ, ಡಬ್ಬಿಯನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ನಿನ್ನನ್ನು ಬೈದು ಓಡಿಸಿದವಳು ನೀನು ಹೇಳಿಕೊಟ್ಟಿದ್ದನ್ನೇ ಮಾಡಿದೆ. ಮಾರ್ತ್ಯೆ ಬರದೇ ಹೋದದ್ದು ನಿನ್ನ ಮಾತಿಗಲ್ಲ. ಅವಳು ಮಂಗಳವಾರ ಬಂದಿದ್ದಳು. ಬೀಗ ನೋಡಿದಳು. ಕಿಟಕಿಯಿಂದ ನಾನು ನೋಡ್ತಾ ಇದ್ದೆ. ಕೈಲಿದ್ದ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಹಿಂದಿರುಗಿದಳು.

ಅವಳ ಕೈಯಲ್ಲಿ ನಾಣ್ಯ ಇತ್ತು ಕಣೇ.

ಬೀಗ ಇವತ್ತಿಗೂ ಇದೆ. ಅದನ್ನು ಹಾಕಿದ ಮೇಲೆ ಅಂಗಡಿಗೆ ಬಂದ ಒಬ್ಬೊಬ್ಬರನ್ನೂ, ಇವನು ಹಾಕಿದನಾ, ಇವಳು ಹಾಕಿದಳಾ ಅಂತ ಪರದೆ ಸರಿಸಿ ನೋಡೋದು ಕಲಿತೆ. ಪಾದ್ರಿಯನ್ನೂ ನೋಡಿದ್ದೀನಿ. ಬೀಗ ಡಬ್ಬಿಗೆ ಹಾಕಿದ್ದಾ, ನನ್ನ ಕಣ್ಣಿಗೆ ಹಾಕಿಕೊಂಡಿದ್ದಾ ಅಂತ ಈಗ ಗೊತ್ತಾಗ್ತಿಲ್ಲ.

ಒಂದೇ ಮಾತು ಹೇಳ್ತೀನಿ. ನಿನ್ನ ಸೇತುವೆ ಅಜ್ಜ ಇವತ್ತಿಗೂ ಟ್ರಾಮಿನಲ್ಲಿ ಎದುರು ಕೂತವರನ್ನೆಲ್ಲ, ನನಗೆ ಬಿಳಿ ಚೀಟಿ ಕಳಿಸಿದವನು ಇವನೇನಾ ಅಂತ ನೋಡ್ತಿರ್ತಾನೆ. ಅದು ಎಂಥ ಕಣ್ಣು ಅಂತ ನನಗೆ ಗೊತ್ತು.

ಉಳಿದದ್ದು ನಿನಗೆ ಬಿಟ್ಟದ್ದು. ಚಾಕೊಲೇಟ್ ತಿಂದುಬಿಡು, ಹುಳ ಹಿಡಿಯುತ್ತೆ.

ನೀಲ್ಚೆ


ಆಮ್‌ಸ್ಟರ್‌ಡಾಮ್
೨೯ ಏಪ್ರಿಲ್ ೧೯೯೪

ದೊಡ್ಡಮ್ಮ,

ನಿನ್ನ ಕಾಗದ ಬಂದ ಮಾರನೇ ಬೆಳಿಗ್ಗೆ ಬೌಕೆಮಾ ಅವರ ಹತ್ತಿರ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲಾಟರಿ ಎತ್ತಿದೆ ಅಂದ್ಯಲ್ಲ, ಅದೇ ನನಗೆ ತಡೆಯೋಕೆ ಆಗ್ತಿಲ್ಲ" ಅಂದರು. ಅವತ್ತೇ ಲ್ಯಾಬಿನ ಬಾಗಿಲಿಗೆ 'ಮುಚ್ಚಿದೆ' ಅಂತ ಚೀಟಿ ಬಿತ್ತು. ಕಾಯಂ ಕೆಲಸ ಬೇರೆಯವರಿಗೆ ಹೋಯಿತು. ಪ್ರಬಂಧ ನಿಂತಿದೆ. ಯಾವತ್ತು ಬರೆದು ಮುಗಿಸಿದರೂ ಒಂಬತ್ತನೇ ಆಟದಲ್ಲಿ ನಾನೇನು ಮಾಡಿದೆ ಅನ್ನೋದು ಮೊದಲನೇ ಪುಟದಲ್ಲಿರಬೇಕು ಅಂದಿದ್ದಾರೆ. ಇರುತ್ತೆ.

"ಆ ಹನ್ನೆರಡು ಮಂದಿಗೂ ಕಾಗದ ಬರಿ, ಏನು ಮಾಡಿದೆ ಅಂತ ಬರಿ" ಅಂದರು. "ಬಂದರೆ ಇದೇ ಕೋಣೆಯಲ್ಲಿ ಅವರ ಮುಖ ನೋಡಿ ಹೇಳು. ಅವತ್ತು ಬರದೇ ಹೋದ ಹಾರ್ಲೆಮ್‌ನ ಹುಡುಗರನ್ನೂ ಕರೆಸ್ತೀನಿ. ಆಡಬೇಕಿದ್ದ ಆಟ ಆಡಿಸಿ ಕಳಿಸೋಣ. ಒಬ್ಬರೂ ಬರದಿದ್ದರೆ ಲ್ಯಾಬಿನ ಬೀಗದ ಕೈ ಕಚೇರಿಗೆ ಕೊಟ್ಟುಬಿಡ್ತೀನಿ."

ಹನ್ನೆರಡು ಕಾಗದ ಬರೆದೆ. ನಿನ್ನೆ ಎಂಟು ಮಂದಿ ಬಂದರು.

ಎದ್ದು ನಿಂತು ಹೇಳಿದೆ. ಅವತ್ತು ಎದುರು ಕೋಣೆಯಲ್ಲಿ ಯಾರೂ ಇರಲಿಲ್ಲ, ನಾನೊಬ್ಬಳೇ ಇದ್ದೆ, ನಿಮಗೆ ಬಂದದ್ದೆಲ್ಲ ನನ್ನ ಕೈಯಿಂದ ಬಂದದ್ದು ಅಂದೆ. ಅಜ್ಜನ ಕಡೆ ತಿರುಗಿ, "ನಿಮಗೆ ಯಾರೂ ಮೋಸ ಮಾಡಲಿಲ್ಲ, ನಾನು ಮಾಡಿದೆ" ಅಂದೆ. ಒಬ್ಬಾಕೆ ಎದ್ದು, "ಅವತ್ತು ನೆನೆದು ಜ್ವರ ಬಂದು ಹತ್ತು ದಿನ ಮಲಗಿದ್ದೆ ನಾನು. ಇನ್ನು ನಿಮ್ಮ ಮಾತು ಕೇಳಲ್ಲ" ಅಂತ ಹೊರಟುಹೋದಳು. ಅವಳು ಮಾಡಿದ್ದು ಸರಿ. ಉಳಿದವರು ಏಳು.

ಸೇತುವೆ ಅಜ್ಜ ನನ್ನ ಕಡೆ ಕುರ್ಚಿ ತಿರುಗಿಸಿಕೊಂಡ. "ನಾಲ್ಕು ತಿಂಗಳಿಂದ ಒಬ್ಬ ದರಿದ್ರದವನನ್ನ ಮನಸ್ಸಿನಲ್ಲೇ ಬೈತಾ ಇದ್ದೆ" ಅಂದ. "ಕೆಂಪು ಗಡ್ಡದವನು ಅಂತ ಬೇರೆ ಅಂದ್ಕೊಂಡಿದ್ದೆ. ಅವನು ಇಲ್ಲವೇ ಇಲ್ಲ ಅನ್ನು."

"ಇಲ್ಲ ಅಜ್ಜ."

"ಈಗ ಇದ್ದಾರಾ ಆ ಕೋಣೇಲಿ?"

"ಹನ್ನೆರಡು ಮಂದಿ ಇದ್ದಾರೆ. ಬೇಕಾದರೆ ನೋಡಿ ಬನ್ನಿ" ಅಂದೆ. ಹಾಗೆ ನೋಡೋಕೆ ಬಿಡೋದು ಶಾಸ್ತ್ರಕ್ಕೆ ವಿರುದ್ಧ. ಬೌಕೆಮಾ ಬಾಗಿಲ ಹತ್ತಿರ ನಿಂತಿದ್ದರು, ಅವರೂ ಆಗಲಿ ಅಂತ ತಲೆಯಾಡಿಸಿದರು. ಸುಳ್ಳು ಹೇಳಿದವರು ಇನ್ನೇನು ಕೊಡೋಕೆ ಸಾಧ್ಯ?

ಅಜ್ಜ ಎದ್ದ. ಹಜಾರ ದಾಟಿ ಎದುರು ಕೋಣೆಯ ಬಾಗಿಲವರೆಗೆ ಹೋದ. ಹಿಡಿ ಮೇಲೆ ಕೈ ಇಟ್ಟ. ನಾವೆಲ್ಲ ನೋಡ್ತಾ ಇದ್ದೆವು. ಹಾಗೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೈ ತೆಗೆದು ವಾಪಸ್ ಬಂದು ಕೂತ.

"ಬೇಡ ಬಿಡಮ್ಮ" ಅಂದ. "ದೋಣಿ ಹೋದ ಮೇಲೇ ಬೂಟು ಎತ್ತೋದು. ಕೊಡು ಇಲ್ಲಿ ಚೀಟಿ."

ಉಳಿದ ಆರು ಮಂದಿಯೂ ಏಳಲಿಲ್ಲ. ಒಬ್ಬರೂ ನೋಡೋಕೆ ಹೋಗಲಿಲ್ಲ ದೊಡ್ಡಮ್ಮ. ಒಮ್ಮೆ ಮೋಸ ಹೋದವರು, ಮೋಸ ಮಾಡಿದವಳ ಕೈಯಿಂದಲೇ ಲಕೋಟೆ ಇಸಕೊಂಡು, ಆ ಬಾಗಿಲ ಕಡೆಗೆ ಬೆನ್ನು ಹಾಕಿ ಕೂತು ಚೀಟಿ ತುಂಬಿದರು. ನಾಲ್ಕು ವರ್ಷದಿಂದ ಜನರ ನಂಬಿಕೆ ಅಳೀತೀನಿ ಅಂತ ಹೇಳಿಕೊಂಡು ತಿರುಗಿದ್ದೀನಿ. ನಾನು ಅಳೀತಿದ್ದದ್ದು ಎಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ.

ಪೆಟ್ಟಿಗೆಯನ್ನು ಬೌಕೆಮಾ ಅವರೇ ಒಯ್ದರು. ಮೂರು ಪಟ್ಟು ಮಾಡಬೇಕಲ್ಲ, ಅವರು ಎಣಿಸಿದರು, ಆದರೆ ಬರೆದಿಟ್ಟುಕೊಳ್ಳಲಿಲ್ಲ. ಎಲ್ಲ ಮುಗಿದು ಜನ ಹೋದ ಮೇಲೆ ನನ್ನ ಹತ್ತಿರ ಬಂದು, "ಎಷ್ಟು ಕಳಿಸಿದರು ಅಂತ ಹೇಳಲಾ?" ಅಂದರು.

ಬೇಡ ಅಂದೆ. ಅವರ ಮುಖ ನೋಡಿದರೆ ಗೊತ್ತಾಗಿಬಿಡುತ್ತೆ ಅಂತ ನೆಲ ನೋಡ್ತಾ 'ಮುಚ್ಚಿದೆ' ಚೀಟಿ ಕಿತ್ತು ಹಾಕೋಕೆ ಹೋದೆ.

ಕಾಯಂ ಕೆಲಸ ಇಲ್ಲ. ಒಂದು ವರ್ಷ ಕುರ್ಚಿ ಜೋಡಿಸಿಕೊಂಡು, ಬಿಳಿ ಚೀಟಿ ಕತ್ತರಿಸಿಕೊಂಡು ಲ್ಯಾಬಿನಲ್ಲಿ ಇರು ಅಂದಿದ್ದಾರೆ. ಇರ್ತೀನಿ.

ನಿನ್ನ ಆಫ್ಕೆ


ಒಡ್ಡಿನ ಮನೆ
೧೫ ಮೇ ೧೯೯೪

ಆಫ್ಕೆ ಮಗಳೇ,

ಈ ಸಲ ಕೋಳಿಗಳು ಕಾದವು. ನಿನ್ನ ಕಾಗದ ನಿಂತಲ್ಲೇ ಓದಿದೆ, ಕನ್ನಡಕವನ್ನು ಎರಡು ಸಲ ಒರೆಸಿಕೊಳ್ಳಬೇಕಾಯ್ತು.

ಬೀಗ ತೆಗೆಯೋಣ ಅಂತ ಹೋದರೆ ಬೀಗದ ಕೈ ತುಕ್ಕು ಹಿಡಿದು ಒಳಗೇ ಮುರೀತು. ಸುತ್ತಿಗೆ ತಗೊಂಡು ಡಬ್ಬಿಯನ್ನೇ ಕಿತ್ತು ಬಿಸಾಕಿ, ಹೊಸ ಕೋಕೋ ಡಬ್ಬಿ ಇಟ್ಟೆ. ಕೋಕೋ ಇನ್ನೂ ಅರ್ಧ ಇತ್ತು, ಬಟ್ಟಲಿಗೆ ಸುರಿದಿಟ್ಟಿದ್ದೀನಿ, ಬಂದು ಕುಡಿದು ಮುಗಿಸು.

ಆಮೇಲೆ ಹನ್ನೆರಡು ಮೊಟ್ಟೆ ಬುಟ್ಟಿಗೆ ಹಾಕಿಕೊಂಡು ಮಾರ್ತ್ಯೆ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಬೀಗ ಹಾಕಿದ್ದು ತಪ್ಪಾಯ್ತು" ಅಂದೆ. ಅವಳು ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. "ಆರು ವರ್ಷ ಬೇಕಾಯ್ತೇನೇ ಮಹರಾಯ್ತಿ ನಿಂಗೆ? ನಾನೇ ಈಗ ಎಂಟು ಕೋಳಿ ಸಾಕಿದ್ದೀನಿ, ನಿನ್ನ ಮೊಟ್ಟೆ ಯಾರಿಗೆ ಬೇಕು" ಅಂದಳು. ಬುಟ್ಟಿ ವಾಪಸ್ ಹೊತ್ತುಕೊಂಡು ಬಂದೆ. ದಾರಿಯಲ್ಲಿ ಒಂದು ಒಡೆದೂ ಹೋಯಿತು.

ನಿನ್ನೆ ಶನಿವಾರ ಹತ್ತು ಗಂಟೆಗೆ ಕಿಟಕಿ ಹತ್ತಿರ ಕೂತು ಬಟಾಣಿ ಸುಲೀತಿದ್ದೆ. ಒಡ್ಡಿನ ಮೇಲೆ ಸೈಕಲ್ ನಿಂತಿತು. ನೋಡಿದರೆ ಮಾರ್ತ್ಯೆ. ಮನೆಯಲ್ಲಿ ಎಂಟು ಕೋಳಿ ಸಾಕಿರೋಳು ನನ್ನ ಹಲಗೆ ಮುಂದೆ ನಿಂತು, ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು ಆರಿಸ್ತಾ ಇದ್ದಳು.

ಕಿಟಕಿಗೆ ಬೆನ್ನು ಹಾಕಿ ಕೂತೆ. ಆದರೂ ಈ ಕಿವಿ ಕೇಳಬೇಕಲ್ಲ, ಹೊಸ ಡಬ್ಬಿ ಬೇರೆ, ತಳಕ್ಕೆ ನಾಣ್ಯ ಬಿದ್ದರೆ ಅಡಿಗೆಮನೆವರೆಗೂ ಕೇಳಿಸುತ್ತೆ. ಎದ್ದು ಹೋಗಿ ರೇಡಿಯೋ ಜೋರು ಮಾಡಿದೆ.

ನಿನ್ನ ದೊಡ್ಡಮ್ಮ